ಒದ್ದೆ ಹೆಬ್ಬೆರಳು

ಡೋಲಿನ ಚರ್ಮ ಸಡಿಲವಾಗಿದೆ, ಇಲ್ಲಿಂದಲೇ ಕಾಣುತ್ತದೆ, ಸಮುದ್ರದ ತೇವ ಕುಡಿದು ಜೋತುಬಿದ್ದಿದೆ, ಹಗ್ಗ ಬಿಗಿದು ಅರ್ಧ ಗಂಟೆ ಬಿಸಿಲಿಗೆ ಇಡಬೇಕಿತ್ತು, ಯಾವ ದಂಡಪಿಂಡ ಹಾಗೇ ಎತ್ತಿಕೊಂಡು ಬಂದು ಮೈದಾನದ ನಡುವೆ ಇಟ್ಟನೋ, ಇಂಥ ಡೋಲಿನ ಮೇಲೆ ದಾಳ ಪುಟಿಯುವುದಿಲ್ಲ, ಬಿದ್ದಲ್ಲೇ ಕೂತುಬಿಡುತ್ತದೆ — ಇದನ್ನು ಯಾರಿಗಾದರೂ ಹೇಳಬೇಕು, ಕ್ಯಾಪ್ಟನ್ ಗಿಲ್ಲೀಸ್‌ಗೆ ಹೇಳಬೇಕು, ಕುರ್ಚಿಯ ಹಿಂದೆಯೇ ನಿಂತಿದ್ದಾನೆ, ಅವನ ಬೂಟಿನ ಎಣ್ಣೆಯ ವಾಸನೆ ಬರುತ್ತಿದೆ, ಆದರೆ ಡೋಲಿಗೆ ಏನೆನ್ನುತ್ತಾರೆ, ಆ ಮಾತೇ ನಾಲಿಗೆಯ ತುದಿಯಿಂದ ಜಾರಿಹೋಗಿದೆ, ಥತ್, ನಲವತ್ತೆರಡು ವರ್ಷ ಡೋಲಿನ ಸದ್ದಿಗೇ ಎದ್ದು ಡೋಲಿನ ಸದ್ದಿಗೇ ಮಲಗಿದ ಮನುಷ್ಯನಿಗೆ ಅದರ ಹೆಸರು ಮರೆತುಹೋಗುವುದೆಂದರೇನು. ಮೂರು ವಾರದಿಂದ ಹೀಗೇ. ಬೆಳಗಿನ ತಿಂಡಿಗೆ ಕೂತವನು ತಟ್ಟೆಯ ಮೇಲೇ ಬೋರಲು ಬಿದ್ದದ್ದು, ಡಾಕ್ಟರ್ ಪಿಟ್ಕರ್ನ್ ಓಡಿಬಂದು ತೋಳಿಂದ ರಕ್ತ ತೆಗೆದದ್ದು, ಏನಿಲ್ಲ ಸರ್, ಬಿಸಿಲು ಅಷ್ಟೇ, ಎಂದದ್ದು, ಅಂದಿನಿಂದ ಬಲಗೈಯಲ್ಲಿ ಇರುವೆ ಹರಿದ ಹಾಗೆ, ಮಾತುಗಳು ಒಂದೊಂದಾಗಿ ಕಾಣೆ. ಮೊನ್ನೆ ಊಟದಲ್ಲಿ ಉಪ್ಪು ಕೇಳಿದರೆ ಬಡಿಸುವವನು ಕಣ್ಣು ಬಿಟ್ಟುಕೊಂಡು ನಿಂತ, ಬಾಯಿಂದ ಬಂದದ್ದು ಇಂಗ್ಲಿಷ್ ಅಲ್ಲ, ಬೆಟ್ಟಸೀಮೆಯ ಮಾತು, ಗೇಲಿಕ್, ಎದೆಹಾಲಿನ ಜೊತೆ ಕಲಿತದ್ದು, ನಲವತ್ತು ವರ್ಷದಿಂದ ಯಾರ ಹತ್ತಿರವೂ ಆಡದೆ ಇದ್ದದ್ದು. ಮೇಜಿನ ಸುತ್ತ ಗಿಲ್ಲೀಸ್ ಒಬ್ಬನಿಗೇ ಅರ್ಥವಾಯಿತು, ಅವನೂ ಆ ಕಡೆಯವನೇ, ಸ್ಕಾಟ್ಲೆಂಡಿನ ಸ್ಕೈ ದ್ವೀಪದವನು, ಉಪ್ಪಿನ ಬಟ್ಟಲು ಮೆಲ್ಲಗೆ ಸರಿಸಿ ಏನೂ ಆಗಿಲ್ಲವೆನ್ನುವಂತೆ ಮುಖ ಮಾಡಿಕೊಂಡ. ಒಳ್ಳೆಯವನು, ಚುರುಕಿನವನು. ಇವನನ್ನು ಮೇಜರ್ ಮಾಡಿ ಎಂದು ಲಂಡನ್ನಿಗೆ ಬರೆಯಬೇಕಾದ ಕಾಗದ ಇನ್ನೂ ಅರ್ಧದಲ್ಲೇ ಇದೆ.

ನಾಲ್ವರು. ಎಣಿಸಿದರೆ ನಾಲ್ವರೇ, ಆದರೆ ಒಮ್ಮೊಮ್ಮೆ ಎಂಟು ಮಂದಿ ಕಾಣುತ್ತಾರೆ, ಕಪ್ಪು ಮುಖಗಳ ಹಿಂದೆ ಕೆಂಚುಗೂದಲಿನ, ಚಳಿಗೆ ಮೂಗು ಕೆಂಪಾದ ಇನ್ನೂ ನಾಲ್ಕು ಮುಖ — ಇಲ್ಲ, ಇಲ್ಲಿ ಚಳಿ ಎಲ್ಲಿಂದ ಬರಬೇಕು, ಇದು ಸಮುದ್ರದಾಚೆಯ ಬಿಸಿಲಿನ ದ್ವೀಪ, ಇದು ಕೋಟೆ ಮೈದಾನ, ಆಚೆ ಹುಣಸೆಮರ, ಅದರಾಚೆ ಬಂದರು, ಬಂದರಿನಲ್ಲಿ ಆ ದರಿದ್ರ ಹಡಗು, ಆಫ್ರಿಕಾದ ಕರಾವಳಿಗೆ ಹೊರಟದ್ದು ಒಂಬತ್ತು ದಿನದಿಂದ ಲಂಗರು ಹಾಕಿಕೊಂಡೇ ಇದೆ. ಆ ಹಡಗಿನ ದೋಣಿಗೆ ಕಾಲಿಡುವುದಿಲ್ಲ ಎಂದದ್ದಕ್ಕೆ ಇವತ್ತಿನ ಈ ಸಡಗರ. ಇಡೀ ಕಂಪನಿ, ಅರವತ್ತು ಜನ ಕಪ್ಪು ಸೈನಿಕರು, ಬಂದೂಕು ಕೆಳಗಿಟ್ಟು ಮರಳಿನ ಮೇಲೆ ಕೂತುಬಿಟ್ಟರು, ಕೂಗಾಟವಿಲ್ಲ, ಬೈಗುಳವಿಲ್ಲ, ಸುಮ್ಮನೆ ಕೂತರು. ಅದಕ್ಕೆ ದಂಗೆ ಎಂದು ಹೆಸರು. ಅರವತ್ತು ಜನರನ್ನು ಕೊಲ್ಲಲಾದೀತೇ, ನಾಲ್ವರನ್ನು ಆರಿಸಿದರು, ಆ ನಾಲ್ವರಲ್ಲೂ ಒಬ್ಬ ಸಾಕು, ಉಳಿದವರಿಗೆ ಸರಪಳಿ, ಯಾವ ಒಬ್ಬ ಎನ್ನುವುದನ್ನು ಡೋಲಿನ ಮೇಲೆ ಎರಡು ದಾಳ ಹೇಳಲಿ, ಎಲ್ಲರಿಗಿಂತ ಕಡಿಮೆ ಬಿದ್ದವನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಲಿ, ಸೈನ್ಯದ ಹಳೆಯ ಪದ್ಧತಿ, ದಯೆಯ ಪದ್ಧತಿ ಅಂತ ಬೇರೆ ಹೇಳಿಕೊಳ್ಳುತ್ತಾರೆ. ಕರ್ನಲ್ ಹಾಲ್ಟನ್ ಹಾಗೇ ಹೇಳಿದ, ಮೂವರಿಗೆ ಜೀವದಾನ ಮಾಡಿದ ಹಾಗೆ ಸರ್, ಇಲ್ಲೊಂದು ರುಜು. ಹಾಕಿದ್ದು ಈ ಕೈಯೇ, ಇವತ್ತು ಬೆಳಿಗ್ಗೆ, ಗವರ್ನರ್ ಮತ್ತು ಸೇನಾಧಿಪತಿ ಜನರಲ್ ಸರ್ ಔಲೇ ಕಿನ್ಲಾಕ್, ಅಕ್ಷರ ಸೊಟ್ಟಗೆ ಬಂತು, ಇರುವೆ ಹರಿಯುವ ಕೈ. ಆದರೆ ಅವರು ದಂಗೆ ಎದ್ದಿಲ್ಲ. ಅದು ಈ ರುಜು ಹಾಕಿದವನಿಗೆ ಗೊತ್ತು, ಅವರಿಗೂ ಗೊತ್ತು. ನೀವು ಯಾವ ಹಡಗನ್ನೂ ಹತ್ತಬೇಕಾಗಿಲ್ಲ ಎಂದು ಅವರಿಗೆ ಮಾತು ಕೊಟ್ಟವನು ಅವನೇ.

ಕೊಟ್ಟದ್ದು ಇಲ್ಲಲ್ಲ, ಗುಡ್ಡದ ಹಿಂದೆ, ಲಸಾನಾನ ತೋಟದಲ್ಲಿ, ಸಾರ್ಜೆಂಟ್ ಲಸಾನಾ, ಅಗೋ ಮೂರನೆಯವನು, ಎತ್ತರದವನು, ಪಟ್ಟಿಯಲ್ಲಿ ಮಾತ್ರ ಜೇಮ್ಸ್ ಪರ್ತ್, ಗುಲಾಮರ ಹಡಗಿನಿಂದ ಬಿಡಿಸಿ ಇಳಿಸಿದ ದಿನವೇ ಯಾವನೋ ಗುಮಾಸ್ತ ಅಂಟಿಸಿದ ಹೆಸರು, ಪರ್ತ್ ಎನ್ನುವ ಸ್ಕಾಟ್ಲೆಂಡಿನ ಊರು ಎಲ್ಲಿದೆ ಎಂದು ಅವನಿಗೇನು ಗೊತ್ತು ಪಾಪ. ಮೂರು ವರ್ಷದ ಹಿಂದೆ ಇವರ ಚಾಕರಿಯ ಅವಧಿ ಮುಗಿದಿತ್ತು, ಬಿಳಿ ಸೈನಿಕರು ಹಳದಿ ಜ್ವರಕ್ಕೆ ಸಾಲಾಗಿ ಸತ್ತಿದ್ದರು, ಇವರೂ ಬಿಟ್ಟುಹೋದರೆ ಕೋಟೆಗೆ ಗತಿಯಿಲ್ಲ, ಆದ್ದರಿಂದ ಗವರ್ನರೇ ಖುದ್ದಾಗಿ ಕುದುರೆ ಇಳಿದು ನಡೆದುಕೊಂಡು ಹೋದ. ಮರಗೆಣಸಿನ ಸಾಲು, ಕೆಂಡದಲ್ಲಿ ಸುಟ್ಟ ಜೀಗುಜ್ಜೆ ಕಾಯಿ, ಹೊರಗೆ ಕರಿ, ಸೀಳಿದರೆ ಒಳಗೆ ಹಬೆ, ಲಸಾನಾನ ಹೆಂಡತಿ ಫ್ಲೋರೀನ್ ಬಾಳೆಲೆಯಲ್ಲಿ ಇಟ್ಟುಕೊಟ್ಟಳು, ತಿನ್ನಿ ದೊರೆ, ಬಡವರ ಮನೇದು, ನಿಧಾನ, ಬಾಯಿ ಸುಟ್ಕೊಂಡೀರಿ. ಲಸಾನಾ ಕುಕ್ಕರಗಾಲಲ್ಲಿ ಕೂತು ಕೇಳಿದ, ಮತ್ತೆ ಸೇರ್ತೀವಿ ದೊರೆ, ಆದ್ರೆ ಆ ಕಾಗದ ಏನನ್ನುತ್ತೆ, ನಮ್ಮನ್ನ ಇನ್ನೊಂದ್ಸಲ ಹಡಗಿಗೆ ತುಂಬಲ್ಲ ತಾನೆ, ಒಂದ್ಸಲ ತುಂಬಿದ್ದೇ ಈ ಜನ್ಮಕ್ಕೆ ಸಾಕಾಗಿದೆ. ಕಾಗದದಲ್ಲಿದ್ದದ್ದು, ಮಹಾರಾಜರು ಎಲ್ಲಿಗೆ ಕಳಿಸಿದರೆ ಅಲ್ಲಿಗೆ. ಬಾಯಲ್ಲಿ ಬಂದದ್ದು, ಕಾಗದ ಅತ್ಲಾಗಿರಲಿ ಬಿಡಯ್ಯ, ನಾನಿದ್ದೀನಲ್ಲ, ಈ ದ್ವೀಪ ಬಿಟ್ಟು ನಿಮ್ಮನ್ನ ಯಾರೂ ಎಲ್ಲಿಗೂ ಕರ್ಕೊಂಡು ಹೋಗಲ್ಲ. ಆಮೇಲೆ — ಯಾಕೆ ಮಾಡಿದನೋ, ಯಾರೂ ಕೇಳಿರಲಿಲ್ಲ — ಬಲಗೈಯ ಗವಸು ಕಳಚಿ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಮುಂದೆ ಚಾಚಿದ, ನೀನೂ ಮಾಡು. ಲಸಾನಾ ನಕ್ಕ, ನಗು ನಿಲ್ಲಿಸಿ ಅವನ ಮುಖ ನೋಡಿದ, ತನ್ನ ಹೆಬ್ಬೆರಳನ್ನೂ ನೆಕ್ಕಿ ತಂದು ಒತ್ತಿದ, ಒದ್ದೆಗೆ ಒದ್ದೆ. ನಮ್ಮೂರಲ್ಲಿ ಇದಾದ ಮೇಲೆ ಕಾಗದಕ್ಕೆ ಬೆಲೆ ಇಲ್ಲ, ಇದನ್ನ ಮುರಿದವನು ಮನುಷ್ಯನೇ ಅಲ್ಲ, ಹಾಗೆಂದ ಗವರ್ನರ್, ಈ ಬಾಯಿಂದಲೇ ಅಂದ. ಹಿಂದೆ ನಿಂತು ನೋಡುತ್ತಿದ್ದವನು ಕ್ವಾಮಿನಾ, ಕಂಪನಿಗೆ ಬ್ರೆಡ್ಡು ಸುಡುವವನು, ಮೊಣಕೈವರೆಗೂ ಹಿಟ್ಟು. ಮಾರನೆಯ ದಿನ ಅರವತ್ತು ಜನರೂ ಬಂದು ಸಹಿಯ ಜಾಗದಲ್ಲಿ ಗೀಟು ಎಳೆದು ಹೋದರು.

ಏ ಗವರ್ನರಪ್ಪಾ, ಹೆಬ್ಬೆರಳು ಎಲ್ಲಿ ಬಚ್ಚಿಟ್ಟೆ — ಅಗೋ ಮತ್ತೆ ಶುರುಮಾಡಿದಳು ಫ್ಲೋರೀನ್, ಬೇಲಿಯಾಚೆ ಸಂತೆಯ ಹೆಂಗಸರ ನಡುವೆ, ತಲೆಗೆ ಹಳದಿ ವಸ್ತ್ರ, ಸೊಂಟದ ಮೇಲೆ ಕೈ, ಅವಳ ಗಂಟಲಿಗೆ ಫಿರಂಗಿ ನಾಚಬೇಕು, ಗವಸು ಬಿಚ್ಚಪ್ಪಾ ನೋಡೋಣ, ಬೆರಳು ಉದುರಿಹೋಯ್ತೋ ಹೇಗೆ, ನನ್ನ ಕೈಯಿಂದ ಇಸ್ಕೊಂಡು ತಿಂದ ಬಾಯಿಗೆ ಈಗೇನು ಹುಣ್ಣಾಗಿದ್ಯಾ. ಹೆಂಗಸರು ನಗುತ್ತಾರೆ, ಆ ನಗುವಿನಲ್ಲೇ ಯಾರೋ ಬಿಕ್ಕುತ್ತಿದ್ದಾರೆ, ಬಿಡೇ ಫ್ಲೋರೀನ್, ದೊಡ್ಡೋರಿಗೆ ಬೆರಳಿರೋದು ರುಜು ಹಾಕೋಕೆ ಕಣೇ, ಅಯ್ಯೋ ಸುಮ್ನಿರ್ರೇ, ನಿಮ್ಮ ಬಾಯಿ ದೆಸೆಯಿಂದ ಅವರ ಪ್ರಾಣ ಹೋದೀತು. ಕರ್ನಲ್ ಹಾಲ್ಟನ್‌ಗೆ ಕಿವಿ ಕೆಂಪಾಗಿದೆ, ಆ ಹೆಂಗಸನ್ನ ಆಚೆ ತಳ್ಳ್ರೋ, ಏನ್ರೀ ಕ್ಯಾಪ್ಟನ್ ಅದು ಹೆಬ್ಬೆರಳು ಹೆಬ್ಬೆರಳು ಅಂತ, ಗಿಲ್ಲೀಸ್‌ನ ದನಿ ನುಣುಪು, ಸಂತೆಯವರ ಬಾಯಿ ಸರ್, ಅದಕ್ಕೆ ತಲೆ ಬುಡ ಇರಲ್ಲ. ಹಾಲ್ಟನ್‌ಗೆ ಗೊತ್ತಿಲ್ಲವೆಂದಲ್ಲ, ವಿಚಾರಣೆಯಲ್ಲಿ ಮೂವರೂ ಅದನ್ನೇ ಹೇಳಿದರು, ಗವರ್ನರು ಮಾತು ಕೊಟ್ಟವ್ರೆ, ಹೆಬ್ಬೆರಳು ಒತ್ತವ್ರೆ, ಹಾಲ್ಟನ್ ಕನ್ನಡಕದ ಮೇಲಿಂದ ನೋಡಿ, ಮಹಾರಾಜರ ಪ್ರತಿನಿಧಿ ನಿನ್ನ ತೋಟಕ್ಕೆ ಬಂದು ಎಂಜಲು ಬೆರಳು ಒತ್ತಿದ್ರಾ, ಸುಳ್ಳು ಹೇಳೋದಾದ್ರೆ ನಂಬೋ ಹಾಗೆ ಹೇಳಯ್ಯ, ಎಂದ, ಕೂತ ಅಧಿಕಾರಿಗಳೆಲ್ಲ ನಕ್ಕರಂತೆ. ಬ್ರೆಡ್ಡಿನ ಕ್ವಾಮಿನಾ ಮಾತ್ರ ಕೇಳಿದ್ದಕ್ಕೆಲ್ಲ ಒಂದೇ ಉತ್ತರ, ಲಸಾನಾ ಹೋಗಲ್ಲ ಅಂದ, ನಾನೂ ಹೋಗಲ್ಲ ಅಂದೆ, ಲಸಾನಾ ಸುಳ್ಳು ಹೇಳೋನಲ್ಲ. ಆ ವಿಚಾರಣೆಯ ಕಾಗದವನ್ನೆಲ್ಲ ಗವರ್ನರನ ಮುಂದೆ ಓದಿದರು, ಅವನು ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡ. ಅವನೊಬ್ಬ ಬಾಯಿ ಬಿಟ್ಟು ಹೌದು ಎಂದರೆ ಮುಗಿಯಿತು, ಬೇರೆ ಯಾರು ಹೇಳಿದರೂ ಆಗದು, ಈ ದ್ವೀಪದಲ್ಲಿ ಆ ನಾಲ್ವರನ್ನು ಉಳಿಸುವ ಬಾಯಿ ಇರುವುದು ಒಂದೇ. ದಾಳ ಬೀಳುವ ಮೊದಲು ಹೇಳಬೇಕು. ಹೇಳುತ್ತೇನೆ, ಈಗ ಹೇಳುತ್ತೇನೆ, ಈ ತಲೆ ಒಂದಿಷ್ಟು ತಿಳಿಯಾಗಲಿ.

ತಲೆ ತಿಳಿಯಾಗುವುದಿಲ್ಲ, ಕಲಕಿದ ಹಾಗೆಲ್ಲ ತಳದ್ದೇ ಮೇಲೆ ಬರುತ್ತದೆ, ಗ್ಲೆನ್ ಆರ್ಡಾ, ಹುಟ್ಟೂರಿನ ಕಣಿವೆ, ಹುಲ್ಲು ಹೊದಿಸಿದ ಕಲ್ಲಿನ ಗುಡಿಸಲು, ಒಲೆಯ ಹೊಗೆ, ಕಾವಲಿಯ ಮೇಲೆ ಓಟ್ಸಿನ ರೊಟ್ಟಿ, ನಿಧಾನ ಮಗಾ, ಬಾಯಿ ಸುಟ್ಕೊಂಡೀಯ, ಅದು ಬೇಯಾಗ್ ಅವ್ವನ ದನಿ, ಹೆತ್ತವಳಲ್ಲ, ಸಾಕಿದವಳು, ಕಣಿವೆಯ ಒಡೆಯನ ಮಗ ಒಕ್ಕಲಿನವರ ಮನೆಯಲ್ಲಿ ಬೆಳೆಯಬೇಕೆನ್ನುವುದು ಅಲ್ಲಿಯ ರೂಢಿ, ಅವಳ ಒಂದು ಮೊಲೆಯಲ್ಲಿ ಇವನು, ಇನ್ನೊಂದರಲ್ಲಿ ಅವಳ ಮಗ ಟಾರ್ಮೋಡ್. ಒಡಹುಟ್ಟಿದವರಿಗಿಂತ ಹೆಚ್ಚು ಅದು, ಒಂದೇ ಹಾಸಿಗೆ, ಒಂದೇ ಬಟ್ಟಲು, ಒಬ್ಬನ ಮಂಡಿ ತರಚಿದರೆ ಇನ್ನೊಬ್ಬ ಅಳಬೇಕು. ಹೆಬ್ಬೆರಳಿನ ಆಟ ಕಲಿತದ್ದೂ ಅಲ್ಲೇ — ಆಟವಲ್ಲ, ಅಲ್ಲಿ ಕರು ಮಾರುವಾಗ, ಮದುವೆ ಗೊತ್ತುಮಾಡುವಾಗ, ಗಡಿ ಕಲ್ಲು ನೆಡುವಾಗ ದೊಡ್ಡವರು ಹಾಗೇ ಮಾಡುತ್ತಿದ್ದರು, ಯಾರಿಗೂ ಓದು ಬರಹ ಇರಲಿಲ್ಲ, ಯಾರಿಗೂ ಬೇಕಾಗಿರಲೂ ಇಲ್ಲ. ಹತ್ತೊಂಬತ್ತು ತುಂಬಿದಾಗ ಅಪ್ಪ ಹೇಳಿದ, ನೂರು ಆಳು ತಂದುಕೊಟ್ರೆ ನಿನಗೆ ಸೈನ್ಯದಲ್ಲಿ ಅಧಿಕಾರಿ ಪದವಿ ಕೊಡ್ತಾರಂತೆ, ಹೋಗು, ಮನೆಮನೆಗೆ ಹೋಗು. ಹೋದ. ಬಾಗಿಲು ಬಾಗಿಲಿಗೆ ನಿಂತ, ಊರು ಕಾಯೋ ಪಡೆ ಅಷ್ಟೇ, ಸ್ಕಾಟ್ಲೆಂಡ್ ಬಿಟ್ಟು ಆಚೆ ಹೋಗೋದಿಲ್ಲ, ಸಮುದ್ರ ದಾಟೋದಿಲ್ಲ, ನನ್ನ ಮಾತು ಇದು, ಮತ್ತು ಹೆಬ್ಬೆರಳು. ನೂರು ಹೆಬ್ಬೆರಳು. ಕೊನೆಯದು ಟಾರ್ಮೋಡನದು, ಅವನು ನಗುತ್ತಾ, ನೀನು ಕರೆದ್ರೆ ಬರ್ತೀನಪ್ಪಾ ಚಿಕ್ಕ ದೊರೆ, ನಮ್ಮಿಬ್ಬರ ನಡುವೆ ಇದೆಲ್ಲ ಯಾಕೆ, ಎಂದ, ಆದರೂ ಒತ್ತಿದ. ಬೇಯಾಗ್ ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಆರು ತಿಂಗಳಿಗೆ ಲೀತ್ ಬಂದರಿನಲ್ಲಿ ಹಡಗು ನಿಂತಿತ್ತು, ಪೂರ್ವದೇಶಕ್ಕೆ ಹೋಗುವ ಹಡಗು, ನೂರು ಜನ ಗ್ಲೆನ್ ಆರ್ಡಾದವರು ಬಂದೂಕು ಕೆಳಗಿಟ್ಟು ಮರಳಿನ ಮೇಲೆ ಕೂತುಬಿಟ್ಟರು.

ಮರಳಿನ ಮೇಲೆ ಕೂತವರು ಯಾರು, ಇವರೋ ಅವರೋ, ಗೊಂದಲವಾಗುತ್ತದೆ, ಅಲ್ಲಿಯ ಮರಳು ಬೂದಿ ಬಣ್ಣ, ಇಲ್ಲಿಯದು ಬಿಳಿ, ಅದೊಂದೇ ಗುರುತು. ಅಲ್ಲೂ ನಾಲ್ವರು, ಅಲ್ಲೂ ಡೋಲು, ಟಾರ್ಮೋಡನ ಕೈಯಿಂದ ಎರಡು ದಾಳ ಜಾರಿ ಎರಡೂ ಒಂದು ಒಂದು, ಅವನು ಇವನ ಕಡೆ ತಿರುಗಿ ನೋಡಿದ, ಸಿಟ್ಟಿನಿಂದಲ್ಲ, ಇವನು ಈಗಲಾದರೂ ಏನಾದರೂ ಹೇಳುತ್ತಾನೆ ಎನ್ನುವ ಹಾಗೆ. ಇವನು ಹೇಳಲಿಲ್ಲ. ಕ್ಯಾಪ್ಟನ್ ಆದ. ಇನ್ನು ಊರಿನಲ್ಲಿ ಮುಖ ತೋರಿಸುವುದು ಹೇಗೆ, ಪೂರ್ವದೇಶಕ್ಕೇ ಹೋದ, ಶ್ರೀರಂಗಪಟ್ಟಣದ ಗೋಡೆ ಒಡೆದ ದಿನ ಕಾವೇರಿಯಲ್ಲಿ ಮಂಡಿಯುದ್ದ ನೀರು, ಕಲ್ಲು ಜಾರುತ್ತಿತ್ತು, ಎಡಕ್ಕೆ ಬಲಕ್ಕೆ ಜನ ಮುಗ್ಗರಿಸಿ ತೇಲಿಹೋದರು, ಇವನೊಬ್ಬ ಸಾಯಲಿಲ್ಲ, ಮೇಜರ್ ಆದ. ಈಜಿಪ್ಟಿನಲ್ಲಿ ಮರಳು ತುಂಬಿ ಕಣ್ಣು ಕೀವಾಯಿತು, ಕರ್ನಲ್ ಆದ, ಸ್ಪೇನಿನಲ್ಲಿ ಕುದುರೆ ಮೈಮೇಲೆ ಬಿತ್ತು, ಜನರಲ್ ಆದ, ಎದೆಗೆ ನಕ್ಷತ್ರ ಚುಚ್ಚಿದರು, ಸರ್ ಔಲೇ ಎಂದರು, ದ್ವೀಪ ಕೊಟ್ಟು ಗವರ್ನರ್ ಎಂದರು, ಸತ್ತವರನ್ನೆಲ್ಲ ಮೆಟ್ಟಿಲು ಮಾಡಿಕೊಂಡು ಹತ್ತಿದ್ದಾಯಿತು. ಮೂವತ್ತೊಂಬತ್ತು ವರ್ಷ ಯಾವನಿಗೂ ಹೆಬ್ಬೆರಳು ಕೊಡಲಿಲ್ಲ, ಎಚ್ಚರದಿಂದಿದ್ದ, ಮಾತು ಎಂದರೆ ಕಾಗದದ ಮೇಲಿನದು ಮಾತ್ರ. ಮತ್ತೆ ಲಸಾನಾನಿಗೆ ಯಾಕೆ, ಅಷ್ಟು ಬುದ್ಧಿಗೆಟ್ಟವನಾದದ್ದು ಯಾಕೆ — ಆ ಕೆಂಡದ ವಾಸನೆ ಇತ್ತಲ್ಲ, ಆ ಹೆಂಗಸು ಬಾಯಿ ಸುಟ್ಕೊಂಡೀರಿ ಎಂದಳಲ್ಲ, ಒಂದು ಗಳಿಗೆ ಅವನು ಮನೆಗೆ ಬಂದಿದ್ದ, ಈ ಸಲ ಉಳಿಸಿಕೊಳ್ಳುತ್ತೇನೆ ಎಂದು ನಿಜವಾಗಿಯೂ ನಂಬಿದ್ದ. ಲಂಡನ್ನಿನ ಅಪ್ಪಣೆ ಬಂದಾಗ, ಆ ಕಂಪನಿಯನ್ನು ಆಫ್ರಿಕಾಕ್ಕೆ ಸಾಗಿಸಿ ಎಂದು ಬಂದಾಗ, ಆಗುವುದಿಲ್ಲ, ಮಾತು ಕೊಟ್ಟಿದ್ದೇನೆ ಎಂದು ಎರಡು ಸಾಲು ಬರೆಯಬಹುದಿತ್ತು. ಬರೆಯಲು ಕೂತ, ಹರಿದ. ಅಧಿಕಾರವಿಲ್ಲದೆ ಮಾತು ಕೊಟ್ಟವನನ್ನು ವಾಪಸ್ಸು ಕರೆಸುತ್ತಾರೆ, ವಿಚಾರಣೆಗೆ ನಿಲ್ಲಿಸುತ್ತಾರೆ, ನಕ್ಷತ್ರ ಕೀಳುತ್ತಾರೆ, ಇನ್ನೆರಡು ತಿಂಗಳಿಗೆ ನಿವೃತ್ತಿ, ಗ್ಲೆನ್ ಆರ್ಡಾದಲ್ಲಿ ಕಲ್ಲಿನ ದೊಡ್ಡ ಮನೆ ಕಟ್ಟಿ ಮುಗಿದಿದೆ, ಸಾಯುವುದಕ್ಕೆ ಒಂದು ಮರ್ಯಾದೆಯ ಹಾಸಿಗೆ. ಅದಕ್ಕಾಗಿಯೇ ಸುಮ್ಮನಿದ್ದಾನೆ, ಬೇರೆ ಯಾವ ದೊಡ್ಡ ಕಾರಣವೂ ಇಲ್ಲ, ನಾಚಿಕೆಯಾಗುತ್ತದೆ.

ಡಬ್ ಎಂದಿತು. ಏನದು. ದಾಳ. ಶುರುಮಾಡಿಬಿಟ್ಟರೇ, ಯಾರನ್ನು ಕೇಳಿ ಶುರುಮಾಡಿದರು — ಕೇಳಿದರಂತೆ, ಹಾಲ್ಟನ್ ಬಗ್ಗಿ ಅಪ್ಪಣೆಯೇ ಸರ್ ಎಂದಿದ್ದ, ಇವನ ತಲೆ ಅಲ್ಲಾಡಿತಂತೆ, ಈ ತಲೆ ಈಗ ತಾನೇ ತಾನಾಗಿ ಅಲ್ಲಾಡುತ್ತದೆ. ಮೊದಲನೆಯವನು ಹ್ಯಾನಿಬಲ್, ಐದು ನಾಲ್ಕು, ಒಂಬತ್ತು, ಉಸಿರು ಬಿಟ್ಟು ಪಕ್ಕಕ್ಕೆ ಸರಿದ, ಎರಡನೆಯವನು ಕೋಳದ ಕೈಯನ್ನು ಎತ್ತರಕ್ಕೆತ್ತಿ ಬಿಟ್ಟ, ಆರು ಎರಡು, ಎಂಟು, ಬೇಲಿಯಾಚೆ ಯಾರೋ ಹೋ ಎಂದರು. ನಾನು ಹೇಳಿದೆನಲ್ಲ, ಪುಟಿಯುವುದಿಲ್ಲ, ಸಡಿಲ ಚರ್ಮ, ಬಿದ್ದಲ್ಲೇ ಕೂರುತ್ತದೆ. ಮೂರನೆಯವನು ಲಸಾನಾ. ದಾಳ ತೆಗೆದುಕೊಳ್ಳಲಿಲ್ಲ, ಕುರ್ಚಿಯ ಕಡೆ ತಿರುಗಿದ, ಗಟ್ಟಿಯಾಗಿ, ಇಡೀ ಮೈದಾನಕ್ಕೆ ಕೇಳುವ ಹಾಗೆ, ದೊರೆ, ಇದನ್ನ ನಾನು ಹಾಕಬೇಕೋ ನೀವು ಹಾಕ್ತೀರೋ, ನನಗೆ ಮಾತು ಕೊಟ್ಟಿದ್ದು ದಾಳ ಅಲ್ಲ, ನೀವು. ಬಾಯ್ಮುಚ್ಚು, ಹಾಕೋ, ಎಂದ ಹಾಲ್ಟನ್. ಲಸಾನಾ ಇನ್ನೂ ನೋಡುತ್ತಿದ್ದಾನೆ, ಅದೇ ನೋಟ, ಈಗಲಾದರೂ ಏನಾದರೂ ಹೇಳುತ್ತಾನೆ ಎನ್ನುವ ನೋಟ, ಕೆಂಚುಗೂದಲಿಲ್ಲ, ಅಷ್ಟೇ. ಆಮೇಲೆ ಹಾಕಿದ. ಮೂರು ಒಂದು. ನಾಲ್ಕು. ಇಷ್ಟು ಹೊತ್ತು ಕೂಗುತ್ತಿದ್ದ ಫ್ಲೋರೀನ್ ಬೇಲಿ ಹಿಡಿದು ಕುಸಿದಿದ್ದಾಳೆ. ಉಳಿದವನು ಕ್ವಾಮಿನಾ ಒಬ್ಬ, ನಾಲ್ಕಕ್ಕಿಂತ ಕಡಿಮೆ ಬೀಳುವುದು ಎಲ್ಲೋ ಅಪರೂಪ, ಅವನು ದಾಳ ಮುಟ್ಟಿದರೆ ಲಸಾನಾ ಸತ್ತ, ಈಗ, ಈಗಲೇ, ಏಳು ಔಲೇ, ಎದ್ದೇಳು.

ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು, ಗಿಲ್ಲೀಸ್ ಹಿಡಿದುಕೊಂಡ, ಬಿಡು ನನ್ನ, ಮೈದಾನ ಒಂದು ಸಲ ಓಲಾಡಿ ನೆಟ್ಟಗಾಯಿತು, ಎಲ್ಲ ಮುಖಗಳೂ ಇತ್ತ ತಿರುಗಿದವು, ಮತ್ತು ಅವನು ಹೇಳಿದ, ಕೊನೆಗೂ ಹೇಳಿದ, ನಿಲ್ಲಿಸಿ, ಈ ಜನ ದಂಗೆ ಎದ್ದಿಲ್ಲ, ನಿಮ್ಮನ್ನು ಹಡಗು ಹತ್ತಿಸುವುದಿಲ್ಲ ಎಂದು ಇವರಿಗೆ ಮಾತು ಕೊಟ್ಟವನು ನಾನು, ಈ ಹೆಬ್ಬೆರಳು ಒತ್ತಿ ಕೊಟ್ಟೆ, ತಪ್ಪೆಲ್ಲ ನನ್ನದು, ಇವರನ್ನು ಬಿಡಿ, ನನ್ನನ್ನು ಕೇಳಿ — ಒಂದು ಮಾತೂ ತಡವರಿಸಲಿಲ್ಲ, ಮೂರು ವಾರದಿಂದ ಕಾಣೆಯಾಗಿದ್ದ ಮಾತುಗಳು ಕೈ ಕೈ ಹಿಡಿದುಕೊಂಡು ಬಂದವು, ಎಷ್ಟು ಸಲೀಸು, ಅಯ್ಯೋ ಇಷ್ಟು ಸುಲಭವಿತ್ತೇ, ನಲವತ್ತೆರಡು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಹೋಯಿತು, ಅಳು ಬಂತು, ಸಂತೋಷಕ್ಕೇ ಬಂತು. ಹಾಲ್ಟನ್ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಾನೆ, ಲಸಾನಾ ಹಣೆ ಸುಕ್ಕು ಮಾಡಿ ತುಟಿಯನ್ನೇ ನೋಡುತ್ತಿದ್ದಾನೆ, ಡಾಕ್ಟರು ಟೊಪ್ಪಿ ಹಿಡಿದುಕೊಂಡು ಓಡಿಬರುತ್ತಿದ್ದಾನೆ. ಏನಂತಾರೆ, ಯಾವ ಭಾಷೆ ಇದು, ಎಂದ ಹಾಲ್ಟನ್. ಆಗ ಔಲೇಯ ಕಿವಿಗೂ ಕೇಳಿಸಿತು, ಗಾಳಿಯಲ್ಲಿ ಇನ್ನೂ ಇತ್ತು ಅದು, ಬೆಟ್ಟಸೀಮೆಯ ಮಾತು, ಬೇಯಾಗ್ ಅವ್ವನ ಮಾತು, ಅವಳ ಒಲೆಯ ಮುಂದೆ ಆಡುತ್ತಿದ್ದ ಹಾಗೇ ಆಡಿದ್ದ. ಇಂಗ್ಲಿಷಿನಲ್ಲಿ ಹೇಳು, ಹೇಳು, ನಾನು, ನಾನು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು, ಆ ಒಂದೇ ಅಕ್ಷರ, ಮಕ್ಕಳಿಗೂ ಗೊತ್ತಿರುವುದು, ಎಲ್ಲಿ ಹೋಯಿತು, ಬಾಯಿ ತೆರೆದರೆ ಮತ್ತೆ ಅದೇ ಬರುತ್ತದೆ, ಒತ್ತಿ ತಡೆದರೆ ಬರೀ ಗಾಳಿ.

ಕ್ಯಾಪ್ಟನ್, ನಿಮ್ಮ ಕಡೆ ಮಾತಲ್ವೇ ಅದು, ನಿಮಗೆ ಬರತ್ತಲ್ಲ, ಗವರ್ನರ್ ಸಾಹೇಬರು ಏನಂದ್ರು ಹೇಳ್ರೀ, ಎಂದ ಹಾಲ್ಟನ್. ಬರುತ್ತದೆ, ಗಿಲ್ಲೀಸ್‌ಗೆ ಬರುತ್ತದೆ, ದೇವರು ದೊಡ್ಡವನು, ಹೇಳಪ್ಪಾ ಗಿಲ್ಲೀಸ್, ಹೇಳು ಮಗನೇ, ಒಂದೊಂದು ಮಾತೂ ಅರ್ಥವಾಗಿದೆ ನಿನಗೆ, ಮುಖ ಬಿಳಿಚಿಕೊಂಡದ್ದರಲ್ಲೇ ಗೊತ್ತಾಗುತ್ತದೆ. ಗಿಲ್ಲೀಸ್ ತುಟಿ ಒದ್ದೆ ಮಾಡಿಕೊಂಡ. ಹಾಲ್ಟನ್‌ನನ್ನು ನೋಡಿದ, ನಾಲ್ವರನ್ನು ನೋಡಿದ, ಬಂದರಿನ ಹಡಗನ್ನು ನೋಡಿದ, ಇಪ್ಪತ್ತಾರು ವರ್ಷದ ಮುಖದ ಮೇಲೆ ಒಂದು ಲೆಕ್ಕ ನಡೆಯುತ್ತಿತ್ತು, ಈ ಮುದುಕ ಮುಳುಗಿದರೆ ಇವನ ಬಾಲ ಹಿಡಿದ ನಾನೂ ಮುಳುಗಿದೆ, ಎಲ್ಲಿಯ ಮೇಜರ್ ಪದವಿ — ಆ ಮುಖ ಔಲೇಗೆ ಗೊತ್ತು, ಆ ಮುಖವನ್ನು ಒಳಗಿನಿಂದ ಬಲ್ಲ, ಲೀತ್‌ನ ವಿಚಾರಣೆಯಲ್ಲಿ ಕೂತಿದ್ದ ಇಂಗ್ಲಿಷ್ ಅಧಿಕಾರಿಗಳಿಗೂ ಗೇಲಿಕ್ ಬರುತ್ತಿರಲಿಲ್ಲ, ಅನುವಾದಕ್ಕೆ ನಿಲ್ಲಿಸಿದ್ದು ಇವನನ್ನೇ, ಟಾರ್ಮೋಡ್ ಇವನ ಕಡೆ ಕೈ ತೋರಿಸಿ, ಮಾತು ಕೊಟ್ಟಿದ್ದು ಇವನೇ ಸ್ವಾಮಿ, ನನ್ನ ಅವ್ವನ ಹಾಲು ಕುಡಿದವನು, ಇವನನ್ನೇ ಕೇಳಿ, ಎಂದ, ಏನಂತಾನೆ ಎಂದು ಅವರು ಕೇಳಿದರು, ಇವನು ತುಟಿ ಒದ್ದೆ ಮಾಡಿಕೊಂಡು, ತಪ್ಪಾಯ್ತು ಅಂತಾನೆ ಸರ್, ಎಂದ. ತಪ್ಪೊಪ್ಪಿಗೆ ಎಂದು ಅವರು ಬರೆದುಕೊಂಡರು. ಬೇಡ ಗಿಲ್ಲೀಸ್, ಬೇಡವೋ, ಆ ಮೆಟ್ಟಿಲು ಹತ್ತಬೇಡ. ಗಿಲ್ಲೀಸ್ ಅಟೆನ್ಷನ್ನಿಗೆ ನಿಂತ, ದನಿ ನುಣುಪಾಗಿಯೇ ಇತ್ತು, ಕೊನೆಗೆ ಮಾತ್ರ ಒಂದಿಷ್ಟು ಬಿರುಕು ಬಿಟ್ಟಿತು. ಮುಂದುವರಿಸಿ ಅಂತಾರೆ ಸರ್.

ಇಲ್ಲ, ಇಲ್ಲ, ಸುಳ್ಳು, ಎಂದು ಕಿರುಚಿದ, ಅದೂ ಬೆಟ್ಟಸೀಮೆಯ ಮಾತಿನಲ್ಲೇ ಬಂತು, ಡಾಕ್ಟರ್ ಪಿಟ್ಕರ್ನ್ ಹೆಗಲ ಮೇಲೆ ಕೈಯಿಟ್ಟು, ಕೂತ್ಕೊಳ್ಳಿ ಸರ್, ಬಿಸಿಲು ಬಹಳ, ಎಂದು ಮಗುವಿಗೆ ಹೇಳುವ ಹಾಗೆ ಹೇಳಿ ಒತ್ತಿ ಕೂರಿಸಿದ. ಬೆರಳು ತೋರಿಸಬೇಕು, ಅದಕ್ಕೆ ಭಾಷೆ ಬೇಡವಲ್ಲ, ಬಲಗೈ ಎತ್ತಲು ಹೋದ, ಅದು ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು, ಎಡಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದ, ಹೆಬ್ಬೆರಳನ್ನು ಬಾಯಿಗಿಟ್ಟು ಜೊಲ್ಲು ಸೋರುವಷ್ಟು ಒದ್ದೆ ಮಾಡಿ ಮೇಲೆತ್ತಿ ಹಿಡಿದ, ನೋಡಿ, ನೋಡ್ರಯ್ಯ, ಇದೇ. ಅಧಿಕಾರಿಗಳು ಕಣ್ಣು ಬೇರೆ ಕಡೆ ತಿರುಗಿಸಿದರು, ಹಿರಿಯ ಮನುಷ್ಯನಿಗೆ ಹೀಗಾಗಬಾರದಿತ್ತು ಎಂದು ಯಾರೋ ಮೆಲ್ಲಗೆ ಅಂದರು. ಲಸಾನಾ ನೋಡಿದ. ಅವನೊಬ್ಬ ನೋಡಿದ, ನೇರವಾಗಿ ಆ ಬೆರಳನ್ನೇ, ಆಗಲೇ ಕ್ವಾಮಿನಾನ ಕೈಯಿಂದ ದಾಳ ಬಿತ್ತು, ಡಬ್, ಬಿದ್ದಲ್ಲೇ ಕೂತಿತು, ಎರಡು ಒಂದು. ಮೂರು. ಮೂರು ಎಂದು ಹಾಲ್ಟನ್ ಓದಿದ, ಇಬ್ಬರು ಬಂದು ಕ್ವಾಮಿನಾನ ತೋಳು ಹಿಡಿದರು, ಕ್ವಾಮಿನಾ ಪ್ರತಿಭಟಿಸಲಿಲ್ಲ, ಲಸಾನಾನ ಕಡೆ ತಿರುಗಿ ಏನೋ ಕೇಳಿದ, ಮತ್ತೆ ಅವನು ಮಾತು ಕೊಟ್ಟಿದ್ದನಲ್ಲಣ್ಣಾ, ಎಂದು ಕೇಳಿದ, ಅಷ್ಟೇ. ಲಸಾನಾ ಕೋಳದ ಎರಡೂ ಕೈಯನ್ನು ಕೆಳಗಿಳಿಸಿ, ಬಲಗೈಯ ಹೆಬ್ಬೆರಳನ್ನು ಬಿಳಿ ಚಲ್ಲಣದ ತೊಡೆಗೆ ಒರೆಸಿಕೊಂಡ. ಮೂರು ವರ್ಷದ ಹಿಂದೆಯೇ ಒಣಗಿದ ಬೆರಳು, ಅದರಲ್ಲಿ ಏನಿದೆ ಒರೆಸುವುದಕ್ಕೆ, ಒರೆಸಿಕೊಂಡ. ಕ್ವಾಮಿನಾನನ್ನು ಗೋಡೆಯ ಕಡೆ ನಡೆಸುತ್ತಿದ್ದಾರೆ, ಬೇಲಿಯಾಚೆ ಬೊಬ್ಬೆ ಎದ್ದಿದೆ, ಲಸಾನಾ ತಿರುಗಿ ನೋಡುತ್ತಿಲ್ಲ, ಬೆರಳನ್ನು ತಿರುವಿ ಇನ್ನೊಂದು ಮಗ್ಗುಲನ್ನೂ ಒರೆಸಿಕೊಳ್ಳುತ್ತಿದ್ದಾನೆ, ಬಿಳಿ ಬಟ್ಟೆಯ ಮೇಲೆ ಕಪ್ಪು ಹೆಬ್ಬೆರಳು, ಮೇಲಿಂದ ಕೆಳಕ್ಕೆ, ನಿಧಾನವಾಗಿ, ಒತ್ತಿ ಒತ್ತಿ, ಮೇಲಿಂದ ಕೆಳಕ್ಕೆ, ಒರೆಸಿಕೊಳ್ಳುತ್ತಿದ್ದಾನೆ, ಒರೆಸಿಕೊಳ್ಳುತ್ತಲೇ ಇದ್ದಾನೆ